ಸ್ವಂತ ಬಂಡಿ, ಸಂಸ್ಥೆಯ ಕೆಲಸ

ಗೃಹಸ್ಥರ ಆಯವ್ಯಯವನ್ನು ಕುರಿತು ಈ ಅಂಕಣದಲ್ಲಿ ನಾವು ಆಗಾಗ ಬರೆಯುತ್ತ ಬಂದಿರುವುದರಿಂದಲೋ ಏನೋ, ಓದುಗರ ಪತ್ರಗಳಲ್ಲಿ ಲೆಕ್ಕದ ಪ್ರಶ್ನೆಗಳೇ ಹೆಚ್ಚು. ಹುಬ್ಬಳ್ಳಿಯ ಗೃಹಿಣಿಯೊಬ್ಬರು ಬರೆದ ಪತ್ರ ಎರಡು ತಿಂಗಳಿಂದ ನಮ್ಮ ಮೇಜಿನ ಮೇಲಿದೆ. ಅವರ ಯಜಮಾನರು ಬಿತ್ತನೆ ಬೀಜದ ಒಂದು ಸಂಸ್ಥೆಯಲ್ಲಿ ಕ್ಷೇತ್ರಾಧಿಕಾರಿ. ವಾರದಲ್ಲಿ ನಾಲ್ಕು ದಿನ ಹಾವೇರಿ, ರಾಣೆಬೆನ್ನೂರು, ಗದಗ ಎಂದು ತಿರುಗಾಟ. ಮೊದಲು ಬಸ್ಸು, ಆಮೇಲೆ ಮೋಟಾರು ಸೈಕಲ್ಲು. ಈಗ ಸಾಲ ತೆಗೆದು ಕಾರು ಕೊಂಡಿದ್ದಾರೆ. ಸಂಸ್ಥೆಯು ಕಿಲೋಮೀಟರಿಗೆ 9 ರೂಪಾಯಿ ಕೊಡುತ್ತದೆ. ಪೆಟ್ರೋಲಿಗೆ ಹೋಗಿ ತಿಂಗಳಿಗೆ ನಾಲ್ಕು ಸಾವಿರ ಮಿಗುತ್ತದೆಂದು ಯಜಮಾನರ ವಾದ. ಹಾಗೆ ಮಿಕ್ಕ ಹಣ ಮನೆಯಲ್ಲಿ ಎಲ್ಲಿಯೂ ಕಾಣುವುದಿಲ್ಲವೆಂದೂ, ಕಾರು ಬಂದ ಮೇಲೆ ಕೈ ಬಿಗಿಯಾಗಿದೆಯೆಂದೂ ಆ ತಾಯಿಯ ವಾದ. ಇಬ್ಬರಲ್ಲಿ ಯಾರು ಸರಿ ಎಂಬುದು ಪ್ರಶ್ನೆ.

ಆ ತಾಯಿಯೇ ಸರಿ. ಯಜಮಾನರ ಮಾತಿನಲ್ಲಿ ಸುಳ್ಳಿಲ್ಲ. ಆದರೆ ಅವರು ಅರ್ಧ ಲೆಕ್ಕವನ್ನು ಮಾತ್ರ ಮಾಡಿದ್ದಾರೆ. ಇಂಥ ಮನೆಗಳು ನಮ್ಮ ಓದುಗರಲ್ಲಿ ನೂರಾರು ಇರುವುದರಿಂದ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡೋಣ. ಔಷಧ ಕಂಪನಿಗಳ ಪ್ರತಿನಿಧಿಗಳು, ಸಹಕಾರಿ ಬ್ಯಾಂಕುಗಳ ವಸೂಲಾತಿ ಅಧಿಕಾರಿಗಳು, ವಿಮಾ ಸಂಸ್ಥೆಗಳ ಸಮೀಕ್ಷಕರು, ಪರೀಕ್ಷಾ ಕಾರ್ಯಕ್ಕೆ ಊರೂರು ಸುತ್ತುವ ಅಧ್ಯಾಪಕರು, ಇವರೆಲ್ಲರೂ ಈ ಗುಂಪಿಗೆ ಸೇರುತ್ತಾರೆ. ಬಂಡಿ ತಮ್ಮದು, ಕೆಲಸ ಮತ್ತೊಬ್ಬರದು.

ಈ ಸಮಸ್ಯೆ ಹೊಸದೇನಲ್ಲ. ಬ್ರಿಟಿಷರ ಕಾಲದಲ್ಲಿ ರೂಪುಗೊಂಡ ಕೇಂದ್ರ ಸರಕಾರದ ಪೂರಕ ನಿಯಮಗಳಲ್ಲಿ ಪ್ರವಾಸ ಭತ್ಯೆಯ ಬಗೆಗಳನ್ನು ಹೆಸರಿಸುವಾಗ ವಾಹನ ಭತ್ಯೆಯ ಜೊತೆಗೇ ಕುದುರೆ ಭತ್ಯೆ ಎಂಬ ಮಾತೂ ಬರುತ್ತದೆ. ಸರ್ಕೀಟಿಗೆ ಹೋಗಬೇಕಾದ ಅಧಿಕಾರಿ ಸ್ವಂತ ಕುದುರೆಯನ್ನು ಸಾಕಿಕೊಂಡಿರುತ್ತಿದ್ದ. ಅದರ ಹುಲ್ಲು, ಹುರುಳಿ, ಲಾಳಗಳ ವೆಚ್ಚವನ್ನು ಸರಕಾರ ತುಂಬಿಕೊಡಬೇಕೆಂಬುದು ನ್ಯಾಯ. ಇಂದಿನ ಕಾರು ಆ ಕುದುರೆಯ ಜಾಗದಲ್ಲಿ ನಿಂತಿದೆ, ಅಷ್ಟೆ. ಕುದುರೆಗೆ ಮುಪ್ಪು ಬರುತ್ತದೆ ಎಂಬುದನ್ನು ಅಂದಿನವರು ಕಣ್ಣಾರೆ ಕಾಣುತ್ತಿದ್ದರು. ಕಾರಿಗೂ ಮುಪ್ಪು ಬರುತ್ತದೆ ಎಂಬುದು ಮಾರುವ ದಿನದವರೆಗೂ ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಅದೇ ಕಾಲದ ಮೂಲಭೂತ ನಿಯಮಗಳಲ್ಲಿ 44ನೆಯ ನಿಯಮವೊಂದಿದೆ. ನೌಕರನಿಗೆ ಕೊಡುವ ಪರಿಹಾರ ಭತ್ಯೆಯು ಒಟ್ಟಾರೆಯಾಗಿ ಅವನಿಗೆ ಲಾಭದ ಮೂಲವಾಗಬಾರದು ಎಂಬುದು ಅದರ ಸಾರ. ಬಹಳ ವಿವೇಕದ ಮಾತು. ಭತ್ಯೆ ಸಂಬಳವಲ್ಲ, ಖರ್ಚಾದುದನ್ನು ತುಂಬಿಕೊಡುವುದೇ ಅದರ ಉದ್ದೇಶ. ಸರಕಾರಿ ಕಚೇರಿಗಳಿಂದ ಖಾಸಗಿ ಸಂಸ್ಥೆಗಳವರೆಗೆ ಎಲ್ಲರೂ ಈ ತತ್ತ್ವವನ್ನು ಬಾಯಿಪಾಠ ಮಾಡಿದ್ದಾರೆ. ಆದರೆ ಭತ್ಯೆಯು ನೌಕರನಿಗೆ ನಷ್ಟದ ಮೂಲವೂ ಆಗಬಾರದು ಎಂಬ ಇನ್ನೊಂದು ಮುಖವನ್ನು ನೆನೆಯುವವರು ಕಡಿಮೆ. ಲಾಭವಾದರೆ ಲೆಕ್ಕ ಪರಿಶೋಧಕನ ಕಣ್ಣಿಗೆ ಬೀಳುತ್ತದೆ, ನಷ್ಟವಾದರೆ ನೌಕರನ ಹೆಂಡತಿಯ ಕಣ್ಣಿಗೆ ಮಾತ್ರ ಬೀಳುತ್ತದೆ.

ಈಗ ಹುಬ್ಬಳ್ಳಿಯ ಲೆಕ್ಕಕ್ಕೆ ಬರೋಣ. ಅಂಕಿಗಳನ್ನು ಸುಲಭವಾಗುವಂತೆ ಹಿಡಿದಿದ್ದೇವೆ. ಓದುಗರು ತಮ್ಮ ತಮ್ಮ ಅಂಕಿಗಳನ್ನು ಹಾಕಿಕೊಂಡು ನೋಡಬೇಕು. ರಸ್ತೆಗಿಳಿಯುವಾಗ ಎಲ್ಲ ತೆರಿಗೆ ಸೇರಿ 8 ಲಕ್ಷ ರೂಪಾಯಿ ಬಿದ್ದ ಕಾರು. ವರ್ಷಕ್ಕೆ 20,000 ಕಿಲೋಮೀಟರಿನಂತೆ ಎಂಟು ವರ್ಷ ಓಡಿತು ಎನ್ನೋಣ. ಒಟ್ಟು 1,60,000 ಕಿಲೋಮೀಟರು. ಆಮೇಲೆ 2 ಲಕ್ಷಕ್ಕೆ ಮಾರಿದರು. ಕರಗಿಹೋದ 6 ಲಕ್ಷವನ್ನು ಓಡಿದ ದೂರಕ್ಕೆ ಹಂಚಿದರೆ ಕಿಲೋಮೀಟರಿಗೆ 3 ರೂಪಾಯಿ 75 ಪೈಸೆ. ಇದೇ ಸವಕಳಿ. ಪೆಟ್ರೋಲು ಲೀಟರಿಗೆ 100 ರೂಪಾಯಿ, ಲೀಟರಿಗೆ 16 ಕಿಲೋಮೀಟರು ಓಟ ಎಂದಿಟ್ಟುಕೊಂಡರೆ 6 ರೂಪಾಯಿ 25 ಪೈಸೆ. ನಾಲ್ಕು ಟೈರುಗಳಿಗೆ 20,000 ರೂಪಾಯಿ, ಅವು 40,000 ಕಿಲೋಮೀಟರು ಬಾಳುತ್ತವೆ, 50 ಪೈಸೆ. ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ದುರಸ್ತಿ, ಎಣ್ಣೆ ಬದಲಾವಣೆ ಎಂದು 8,000 ರೂಪಾಯಿ, 80 ಪೈಸೆ. ವಿಮೆ ವರ್ಷಕ್ಕೆ 16,000. ಅದೂ 80 ಪೈಸೆ. 6 ಲಕ್ಷ ರೂಪಾಯಿ ಸಾಲಕ್ಕೆ ಶೇಕಡಾ 9ರ ಬಡ್ಡಿಯಲ್ಲಿ ಐದು ವರ್ಷದ ಕಂತು ಕಟ್ಟಿದರೆ ಬಡ್ಡಿಯೇ ಸುಮಾರು 1,47,000 ಆಗುತ್ತದೆ. ಕಿಲೋಮೀಟರಿಗೆ 92 ಪೈಸೆ. ಎಲ್ಲ ಕೂಡಿಸಿದರೆ 13 ರೂಪಾಯಿ 2 ಪೈಸೆ.

ತಿಂಗಳಿಗೆ 1,500 ಕಿಲೋಮೀಟರು ಸಂಸ್ಥೆಯ ಕೆಲಸಕ್ಕೆ ಓಡುತ್ತದೆಂದು ಪತ್ರದಲ್ಲಿದೆ. ಬರುವ ಭತ್ಯೆ 13,500 ರೂಪಾಯಿ. ಪೆಟ್ರೋಲಿಗೆ 9,375 ಹೋಗುತ್ತದೆ, 4,125 ಮಿಗುತ್ತದೆ. ಯಜಮಾನರು ಹೇಳುವ ನಾಲ್ಕು ಸಾವಿರ ಇದೇ. ಆದರೆ ನಿಜವಾದ ವೆಚ್ಚ 19,530 ರೂಪಾಯಿ. ಎಂದರೆ ತಿಂಗಳಿಗೆ ಆರು ಸಾವಿರ, ವರ್ಷಕ್ಕೆ ಎಪ್ಪತ್ತೆರಡು ಸಾವಿರ ರೂಪಾಯಿಗಳನ್ನು ಈ ಮನೆ ಬೀಜದ ಸಂಸ್ಥೆಗೆ ತನ್ನ ಕೈಯಿಂದ ಕೊಡುತ್ತಿದೆ. ಕೊಡುತ್ತಿರುವುದು ಕೊಡುವವರಿಗೂ ತಿಳಿಯದು, ಪಡೆಯುವವರಿಗೂ ಬಹುಶಃ ತಿಳಿಯದು.

ಇದಕ್ಕೊಂದು ಆಕ್ಷೇಪವಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಕಾರನ್ನು ಮನೆಯವರು ಹೇಗೂ ಕೊಳ್ಳುತ್ತಿದ್ದರು. ಮದುವೆ, ಜಾತ್ರೆ, ಆಸ್ಪತ್ರೆಗಳಿಗೆ ಅದು ಬೇಕೇ ಇತ್ತು. ಬಡ್ಡಿ ಮತ್ತು ವಿಮೆಗಳನ್ನು ಸಂಸ್ಥೆಯ ತಲೆಗೆ ಕಟ್ಟುವುದೇಕೆ ಎಂದು ಕೇಳಬಹುದು. ಒಪ್ಪೋಣ. ಆ 1 ರೂಪಾಯಿ 72 ಪೈಸೆಗಳನ್ನು ಕಳೆಯೋಣ. ನಿಂತ ಕಾರಿಗೂ ವಯಸ್ಸಾಗಿ ಬೆಲೆ ಇಳಿಯುತ್ತದೆ. ಆದ್ದರಿಂದ ಸವಕಳಿಯಲ್ಲಿ ಅರ್ಧವನ್ನೂ ಕಳೆಯೋಣ. ಇಷ್ಟು ಉದಾರವಾಗಿ ಬಿಟ್ಟುಕೊಟ್ಟ ಮೇಲೂ 9 ರೂಪಾಯಿ 42 ಪೈಸೆ ಉಳಿಯುತ್ತದೆ. ಸಂಸ್ಥೆ ಕೊಡುವುದು 9. ಅದೂ ಅಲ್ಲದೆ ಈ ಮನೆಯಲ್ಲಿ ವರ್ಷದ ಇಪ್ಪತ್ತು ಸಾವಿರದಲ್ಲಿ ಹದಿನೆಂಟು ಸಾವಿರ ಕಿಲೋಮೀಟರು ಸಂಸ್ಥೆಯದೇ. ಹೀಗಿರುವಾಗ ಕಾರು ಮನೆಗಾಗಿ ಬಂದದ್ದು, ಕೆಲಸಕ್ಕೆ ಎರವಲು ಹೋಗುತ್ತಿದೆ ಎನ್ನುವುದು ಮಾತಿನ ಚಮತ್ಕಾರವಷ್ಟೆ.

ಹಾಗಾದರೆ ಹಣ ಕಾಣದೆ ಹೋಗುವುದೆಲ್ಲಿ? ಭತ್ಯೆ ಸಂಬಳದ ಖಾತೆಗೇ ಜಮೆಯಾಗುತ್ತದೆ. ಅಲ್ಲಿಂದ ಹಾಲು, ಕಿರಾಣಿ, ಮಕ್ಕಳ ಶುಲ್ಕ ಎಂದು ಹರಿದುಹೋಗುತ್ತದೆ. ಮಿಕ್ಕ ನಾಲ್ಕು ಸಾವಿರ ಟೈರುಗಳದು, ವಿಮೆಯದು, ಮುಂದಿನ ಕಾರಿನದು. ಆದರೆ ಅದರ ಮೇಲೆ ಹಾಗೆಂದು ಬರೆದಿರುವುದಿಲ್ಲ. ಎರಡು ವರ್ಷದ ಮೇಲೆ ಒಂದೇ ತಿಂಗಳಿನಲ್ಲಿ ಟೈರು, ಬ್ಯಾಟರಿ, ವಿಮೆ ಮೂರೂ ಎದುರಾದಾಗ ಮನೆಯವರು ಚಿನ್ನದ ಸಾಲಕ್ಕೆ ಹೋಗುತ್ತಾರೆ. ಆದುದರಿಂದ ಆ ತಾಯಿಗೆ ನಾವು ಸೂಚಿಸುವುದಿಷ್ಟು: ಬ್ಯಾಂಕಿನಲ್ಲಿ ಪ್ರತ್ಯೇಕವಾದ ಒಂದು ಉಳಿತಾಯ ಖಾತೆ ತೆರೆದು ಕಿಲೋಮೀಟರಿಗೆ 2 ರೂಪಾಯಿ 75 ಪೈಸೆಯಂತೆ ಪ್ರತಿ ತಿಂಗಳೂ ಅದಕ್ಕೆ ಹಾಕಿರಿ. ಟೈರು, ದುರಸ್ತಿ, ವಿಮೆಗಳಿಗೆ 2 ರೂಪಾಯಿ 10 ಪೈಸೆ ಬೇಕು. 65 ಪೈಸೆ ಸವಕಳಿಗೆ ಉಳಿಯುತ್ತದೆ. ಬೇಕಾದದ್ದು 3 ರೂಪಾಯಿ 75 ಪೈಸೆ ಎಂಬುದು ಆಗ ಯಜಮಾನರಿಗೂ ಕಣ್ಣಿಗೆ ಕಟ್ಟಿದಂತೆ ಕಾಣುತ್ತದೆ. ನಮ್ಮ ಹಿರಿಯರು ಎತ್ತಿನ ದುಡಿಮೆಯಲ್ಲಿ ಮುಂದಿನ ಎತ್ತಿನ ಬೆಲೆಯನ್ನು ತೆಗೆದಿಟ್ಟು ಉಳಿದುದನ್ನು ಮಾತ್ರ ಗಳಿಕೆ ಎನ್ನುತ್ತಿದ್ದರು.

ಸಂಸ್ಥೆಯನ್ನು ಹೆಚ್ಚಿಗೆ ಕೇಳಬಹುದೇ? ಖಂಡಿತವಾಗಿ ಕೇಳಬಹುದು, ಕೇಳಬೇಕು. ಬೇಡಿಕೆಯು ಗೊಣಗಾಟವಾಗದೆ ಲೆಕ್ಕವಾಗಿರಲಿ. ಮೇಲಿನಂತೆ ಒಂದು ಪುಟದ ಲೆಕ್ಕವನ್ನು ಬರೆದು ಅರ್ಜಿಯ ಜೊತೆ ಲಗತ್ತಿಸಿದರೆ ವ್ಯವಸ್ಥಾಪಕರು ಅದನ್ನು ಮೇಲಿನವರಿಗೆ ಕಳುಹಿಸಲು ಒಂದು ಆಧಾರವಾಗುತ್ತದೆ. ಹೋಲಿಕೆಗೆ ಸರಕಾರದ ದರವೂ ಇದೆ. ಏಳನೆಯ ವೇತನ ಆಯೋಗದ ಶಿಫಾರಸಿನ ಮೇರೆಗೆ 2017ರ ಜುಲೈ ತಿಂಗಳಲ್ಲಿ ಕೇಂದ್ರ ಸರಕಾರ ಹೊರಡಿಸಿದ ಆದೇಶದಲ್ಲಿ, ರಾಜ್ಯದ ಸಾರಿಗೆ ನಿರ್ದೇಶಕರು ದರ ಗೊತ್ತುಮಾಡದ ಸ್ಥಳಗಳಲ್ಲಿ ಸ್ವಂತ ಕಾರಿಗೂ ಟ್ಯಾಕ್ಸಿಗೂ ಕಿಲೋಮೀಟರಿಗೆ 24 ರೂಪಾಯಿ, ಸ್ವಂತ ಸ್ಕೂಟರಿಗೂ ಆಟೋರಿಕ್ಷಾಕ್ಕೂ 12 ರೂಪಾಯಿ ಎಂದು ಗೊತ್ತುಮಾಡಲಾಯಿತು. ತುಟ್ಟಿಭತ್ಯೆ ಶೇಕಡಾ 50 ಏರಿದಾಗಲೆಲ್ಲ ಈ ದರ ಶೇಕಡಾ 25 ಏರಬೇಕೆಂಬ ಮಾತೂ ಅದರಲ್ಲಿತ್ತು. 2024ರ ಜನವರಿಯಿಂದ ತುಟ್ಟಿಭತ್ಯೆ ಶೇಕಡಾ 50 ಮುಟ್ಟಿತು. ಆ ಸೂತ್ರದಂತೆ 24 ಎಂಬುದು 30 ಆಗುತ್ತದೆ, 12 ಎಂಬುದು 15 ಆಗುತ್ತದೆ. ಅದರಲ್ಲಿ ಟ್ಯಾಕ್ಸಿ ಚಾಲಕನ ದುಡಿಮೆಯೂ ಅಡಗಿರುವುದರಿಂದ ಖಾಸಗಿ ಸಂಸ್ಥೆ ಅಷ್ಟನ್ನೇ ಕೊಡಬೇಕೆಂದು ನಾವು ಹೇಳುವುದಿಲ್ಲ. ಆದರೆ ದರವು ತಾನೇ ತಾನಾಗಿ ಏರುವ ಸೂತ್ರವೊಂದು ಇರುವುದು ದೊಡ್ಡ ಮಾತು. 2017ರ ಜೂನ್ 16ರಿಂದ ದೇಶದಾದ್ಯಂತ ಪೆಟ್ರೋಲಿನ ಬೆಲೆಯನ್ನು ದಿನದಿನವೂ ಪರಿಷ್ಕರಿಸುವ ಪದ್ಧತಿ ಬಂದಿತು. ಎಷ್ಟೋ ಸಂಸ್ಥೆಗಳ ಭತ್ಯೆಯ ದರವಾದರೋ ಕಲ್ಲಿನ ಮೇಲೆ ಕೊರೆದಂತೆ ವರ್ಷಗಟ್ಟಲೆ ಕದಲುವುದಿಲ್ಲ.

ಮಕ್ಕಳು ಅಮೆರಿಕದಲ್ಲಿರುವ ಮನೆಗಳವರು ಅಲ್ಲಿಯ ಪದ್ಧತಿಯನ್ನು ಕೇಳಿ ಬಲ್ಲರು. ಅಲ್ಲಿಯ ತೆರಿಗೆ ಇಲಾಖೆ ಪ್ರತಿ ವರ್ಷ ಮೈಲಿಯ ದರವೊಂದನ್ನು ಪ್ರಕಟಿಸುತ್ತದೆ. 2025ಕ್ಕೆ ಅದು ಮೈಲಿಗೆ 70 ಸೆಂಟುಗಳಷ್ಟಿತ್ತು. ಇಂಧನದ ಜೊತೆಗೆ ಸವಕಳಿ, ವಿಮೆ, ದುರಸ್ತಿಗಳನ್ನೂ ಎಣಿಸಿಯೇ ಅದನ್ನು ಗೊತ್ತುಮಾಡುತ್ತಾರೆ. 2022ರಲ್ಲಿ ಇಂಧನದ ಬೆಲೆ ಏಕಾಏಕಿ ಏರಿದಾಗ ವರ್ಷ ಮುಗಿಯುವವರೆಗೆ ಕಾಯದೆ ಜುಲೈ 1ರಿಂದಲೇ 58.5 ಸೆಂಟುಗಳಿಂದ 62.5 ಸೆಂಟುಗಳಿಗೆ ಏರಿಸಿದರು. ಸಂಸ್ಥೆಗಳು ಅಷ್ಟನ್ನು ಕೊಡಲೇಬೇಕೆಂಬ ಕಟ್ಟಳೆ ದೇಶಕ್ಕೆಲ್ಲ ಇಲ್ಲ. ಕ್ಯಾಲಿಫೋರ್ನಿಯಾದ ಕಾರ್ಮಿಕ ಸಂಹಿತೆಯ 2802ನೆಯ ಕಲಮು ಮಾತ್ರ ಕೆಲಸದ ನಿಮಿತ್ತ ನೌಕರನು ಮಾಡಿದ ಅವಶ್ಯಕ ವೆಚ್ಚವನ್ನು ಮಾಲೀಕನು ತುಂಬಿಕೊಡಬೇಕೆಂದು ವಿಧಿಸುತ್ತದೆ. ಇಂಗ್ಲೆಂಡಿನಲ್ಲಿ 2011ರಲ್ಲಿ ಮೊದಲ ಹತ್ತು ಸಾವಿರ ಮೈಲಿಗಳಿಗೆ 45 ಪೆನ್ಸ್, ಅನಂತರದವಕ್ಕೆ 25 ಪೆನ್ಸ್ ಎಂದು ತೆರಿಗೆಯಿಲ್ಲದ ದರವನ್ನು ನಿಗದಿಗೊಳಿಸಿದರು. ದೂರ ಹೆಚ್ಚಿದಂತೆ ವಿಮೆ ಮೊದಲಾದ ಸ್ಥಿರ ವೆಚ್ಚಗಳು ಹಂಚಿಹೋಗುತ್ತವೆ ಎಂಬ ತಿಳಿವು ಆ ಎರಡು ದರಗಳಲ್ಲಿದೆ.

ಇನ್ನು ತೆರಿಗೆಯ ಮಾತು. ಮನೆಯಿಂದ ಕಚೇರಿಗೆ, ಕಚೇರಿಯಿಂದ ಮನೆಗೆ ಹೋಗಿಬರುವುದು ಕರ್ತವ್ಯದ ಪ್ರಯಾಣವೆನಿಸುವುದಿಲ್ಲ. ಅದು ನೌಕರನ ಸ್ವಂತ ಖರ್ಚು. ಒಂದು ಕಾಲದಲ್ಲಿ ಅದಕ್ಕೂ ರಿಯಾಯಿತಿ ಇತ್ತು. ತಿಂಗಳಿಗೆ 800 ರೂಪಾಯಿಯಷ್ಟಿದ್ದ ಸಾರಿಗೆ ಭತ್ಯೆಯ ವಿನಾಯಿತಿ 2015ರಲ್ಲಿ 1,600 ಆಯಿತು. 2018ರ ಮುಂಗಡ ಪತ್ರದಲ್ಲಿ ಅದನ್ನೂ ವೈದ್ಯಕೀಯ ವೆಚ್ಚದ ರಿಯಾಯಿತಿಯನ್ನೂ ತೆಗೆದು ಸಂಬಳದಾರರೆಲ್ಲರಿಗೆ 40,000 ರೂಪಾಯಿಗಳ ಪ್ರಮಾಣಿತ ಕಡಿತವನ್ನು ತಂದರು. ಮರುವರ್ಷ ಅದು 50,000 ಆಯಿತು. ಹೊಸ ತೆರಿಗೆ ಪದ್ಧತಿಯವರಿಗೆ 2024-25ರ ಹಣಕಾಸು ವರ್ಷದಿಂದ 75,000.

ಕರ್ತವ್ಯದ ಪ್ರಯಾಣದ ವಿಷಯ ಬೇರೆ. 1961ರ ಆದಾಯ ತೆರಿಗೆ ಕಾಯಿದೆ, 1962ರ ನಿಯಮಗಳ ಅಡಿಯಲ್ಲಿ ಬೆಳೆದುಬಂದ ರೀತಿ ಹೀಗಿತ್ತು: ನೌಕರನ ಸ್ವಂತ ಕಾರು ಸಂಪೂರ್ಣವಾಗಿ ಕರ್ತವ್ಯಕ್ಕೇ ಓಡಿ, ಆ ವೆಚ್ಚವನ್ನು ಸಂಸ್ಥೆ ತುಂಬಿಕೊಟ್ಟರೆ ಅದು ಆದಾಯವಲ್ಲ. ಆದರೆ ಪ್ರಯಾಣದ ದಿನಾಂಕ, ಹೋದ ಸ್ಥಳ, ದೂರ, ವೆಚ್ಚ ಇವುಗಳ ದಾಖಲೆ ಇರಬೇಕು; ವೆಚ್ಚವು ಕರ್ತವ್ಯಕ್ಕಾಗಿಯೇ ಆಯಿತೆಂದು ಸಂಸ್ಥೆಯ ಪ್ರಮಾಣ ಪತ್ರವಿರಬೇಕು. ಕಾರು ಕರ್ತವ್ಯಕ್ಕೂ ಮನೆಗೂ ಬಳಕೆಯಾಗುತ್ತಿದ್ದು ವಿವರವಾದ ದಾಖಲೆ ಇಲ್ಲದಿದ್ದರೆ, 2009ರ ತಿದ್ದುಪಡಿಯಂತೆ 1.6 ಲೀಟರಿನವರೆಗಿನ ಎಂಜಿನ್ನಿಗೆ ತಿಂಗಳಿಗೆ 1,800 ರೂಪಾಯಿ, ಅದಕ್ಕಿಂತ ದೊಡ್ಡದಕ್ಕೆ 2,400, ಚಾಲಕನಿದ್ದರೆ ಮತ್ತೆ 900 ರೂಪಾಯಿಗಳನ್ನು ಕರ್ತವ್ಯದ ಪಾಲೆಂದು ಬಿಟ್ಟು, ಸಂಸ್ಥೆ ಕೊಟ್ಟುದರಲ್ಲಿ ಉಳಿದುದನ್ನು ಸಂಬಳಕ್ಕೆ ಸೇರಿಸಿ ತೆರಿಗೆ ಹಾಕುತ್ತಿದ್ದರು. ಇವುಗಳನ್ನು ಹುಬ್ಬಳ್ಳಿಯ ಮನೆಗೆ ಅನ್ವಯಿಸಿ ನೋಡಿರಿ. ದಾಖಲೆ ಇದ್ದರೆ 13,500ಕ್ಕೂ ತೆರಿಗೆಯಿಲ್ಲ. ದಾಖಲೆ ಇಲ್ಲದಿದ್ದರೆ 1,800 ಹೋಗಿ 11,700 ರೂಪಾಯಿ ಪ್ರತಿ ತಿಂಗಳೂ ಸಂಬಳವೆನಿಸಿಬಿಡುತ್ತದೆ. ಎಂದರೆ ವರ್ಷಕ್ಕೆ 1,40,400. ಮೊದಲೇ ನಷ್ಟದಲ್ಲಿರುವ ಮನೆ ಆ ನಷ್ಟದ ಮೇಲೆ ತೆರಿಗೆಯನ್ನೂ ಕಟ್ಟಿದಂತಾಯಿತು. 2025ರ ಹೊಸ ಆದಾಯ ತೆರಿಗೆ ಕಾಯಿದೆಗೆ 2026ರ ಏಪ್ರಿಲ್ 1 ಜಾರಿಯ ದಿನಾಂಕವೆಂದು ಗೊತ್ತುಮಾಡಲಾಗಿದೆ. ಆದ್ದರಿಂದ ಅಲ್ಲಿಂದಾಚೆಗಿನ ವರ್ಷಗಳಿಗೆ ಈ ಮೊತ್ತಗಳನ್ನು ಹೊಸ ನಿಯಮಗಳೊಡನೆ ಹೋಲಿಸಿಕೊಂಡೇ ಲೆಕ್ಕ ಹಾಕಬೇಕು.

ದಾಖಲೆ ಎಂದರೆ ಹೆದರಬೇಕಾಗಿಲ್ಲ. ಕಾರಿನಲ್ಲಿ ಒಂದು ನೂರು ಪುಟದ ನೋಟುಪುಸ್ತಕವಿದ್ದರೆ ಸಾಕು. ಹೊರಡುವಾಗ ಮೀಟರಿನ ಅಂಕಿ, ಬಂದಾಗಿನ ಅಂಕಿ, ಎಲ್ಲಿಗೆ, ಯಾರನ್ನು ಕಾಣಲು, ಅಷ್ಟೆ. ತಿಂಗಳ ಕೊನೆಗೆ ಕುಳಿತು ನೆನಪಿನಿಂದ ಬರೆಯುವ ಪುಸ್ತಕ ದಾಖಲೆಯಲ್ಲ, ಕಾದಂಬರಿ. ಎಲ್ಲ ಅಂಕಿಗಳೂ ಸೊನ್ನೆಯಿಂದಲೋ ಐದರಿಂದಲೋ ಕೊನೆಗೊಳ್ಳುವ, ಒಂದೇ ಮಸಿಯಲ್ಲಿ ಬರೆದ ಪುಸ್ತಕವನ್ನು ಯಾವ ಪರಿಶೋಧಕನೂ ನಂಬುವುದಿಲ್ಲ. ಮೊಬೈಲಿನಲ್ಲಿ ಬರೆದಿಡುವವರು ಹಾಗೆಯೇ ಮಾಡಲಿ. ಆ ದಿನದ್ದು ಆ ದಿನವೇ ದಾಖಲಾಗುವುದು ಮುಖ್ಯ.

ಪ್ರಾಮಾಣಿಕತೆಯ ಪ್ರಶ್ನೆ ಏಳುವುದು ದೊಡ್ಡ ಮೊತ್ತಗಳಲ್ಲಿ ಅಲ್ಲ, ಇಂಥ ಸಣ್ಣ ನಮೂದುಗಳಲ್ಲಿ. ಧಾರವಾಡದಲ್ಲಿ ಮನೆ, ಹುಬ್ಬಳ್ಳಿಯಲ್ಲಿ ಕಚೇರಿ ಇರುವ ಒಬ್ಬರು ಬೆಳಗಾವಿಗೆ ಹೋಗಬೇಕಾಗಿದೆ ಎನ್ನೋಣ. ಅವರು ಬೆಳಿಗ್ಗೆ ಮನೆಯಿಂದ ನೇರವಾಗಿ ಬೆಳಗಾವಿಯ ದಾರಿ ಹಿಡಿಯುತ್ತಾರೆ. ಪ್ರವಾಸದ ಬಿಲ್ಲಿನಲ್ಲಿ ಮಾತ್ರ ಹುಬ್ಬಳ್ಳಿಯಿಂದ ಹೊರಟಂತೆ ಬರೆಯುತ್ತಾರೆ. ಹೋಗುತ್ತ ಇಪ್ಪತ್ತು, ಬರುತ್ತ ಇಪ್ಪತ್ತು, ಓಡದ ನಲವತ್ತು ಕಿಲೋಮೀಟರುಗಳಿಗೆ ಹಣ ಬರುತ್ತದೆ. ಕೇಂದ್ರಸ್ಥಾನದಿಂದಲೇ ಎಣಿಸಬೇಕೆಂದು ಸಂಸ್ಥೆಯ ನಿಯಮವೇ ಇದ್ದರೆ ಅದು ಅವರ ತಪ್ಪಲ್ಲ. ನಿಯಮವಿಲ್ಲದೆ ಹಾಗೆ ಬರೆಯುವುದು ಸುಳ್ಳು. ಸಂಸ್ಥೆಯ ದರ ಕಡಿಮೆಯಾದುದರಿಂದ ಹೀಗೆ ಸರಿದೂಗಿಸಿಕೊಳ್ಳುತ್ತೇವೆ ಎಂದು ಕೆಲವರು ನಮ್ಮೊಡನೆಯೇ ವಾದಿಸಿದ್ದಾರೆ. ಈ ವಾದವನ್ನು ನಾವು ಒಪ್ಪುವುದಿಲ್ಲ. ಕಡಿಮೆ ದರಕ್ಕೆ ಉತ್ತರ ಹೆಚ್ಚಿನ ದರದ ಬೇಡಿಕೆ, ಉದ್ದವಾದ ರಸ್ತೆಯಲ್ಲ. ಅಲ್ಲದೆ ಎಲ್ಲರೂ ಹೀಗೆ ದೂರವನ್ನು ಹಿಗ್ಗಿಸುತ್ತ ಹೋದರೆ ಸಂಸ್ಥೆಗೆ ಒಟ್ಟು ಮೊತ್ತ ದೊಡ್ಡದಾಗಿ ಕಂಡು ದರ ಏರುವುದು ಇನ್ನೂ ದೂರವಾಗುತ್ತದೆ. ನೇರವಾಗಿ ಬರೆಯುವವನು ಆಗ ಇಬ್ಬಗೆಯಲ್ಲಿ ಸೋಲುತ್ತಾನೆ.

ಟೋಲಿನ ವಿಷಯದಲ್ಲಿ ಹೊಸದೊಂದು ಸಂದೇಹ ಹುಟ್ಟಿದೆ. 2021ರ ಫೆಬ್ರವರಿಯಿಂದ ರಾಷ್ಟ್ರೀಯ ಹೆದ್ದಾರಿಯ ಟೋಲುಗಳಲ್ಲಿ ಫಾಸ್ಟ್ಯಾಗ್ ಕಡ್ಡಾಯವಾದ ಮೇಲೆ ಯಾವ ದಿನ ಯಾವ ಗೇಟನ್ನು ದಾಟಿದೆವು ಎಂಬುದು ಖಾತೆಯ ವಿವರದಲ್ಲಿ ತಾನಾಗಿ ಬರುತ್ತದೆ. ಪ್ರಾಮಾಣಿಕನಿಗೆ ಅದೊಂದು ಒಳ್ಳೆಯ ಸಾಕ್ಷಿ. 2025ರ ಆಗಸ್ಟ್ 15ರಿಂದ ಖಾಸಗಿ ಕಾರುಗಳಿಗೆ ವಾರ್ಷಿಕ ಪಾಸು ಬಂದಿತು: ಆರಂಭದ ಬೆಲೆ 3,000 ರೂಪಾಯಿ, 200 ಸಲ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಲೆಕ್ಕ ಹಾಕಿದರೆ ಒಂದು ದಾಟುವಿಕೆಗೆ 15 ರೂಪಾಯಿ. ಪಾಸು ಕೊಂಡ ನೌಕರನು ಪ್ರತಿ ದಾಟುವಿಕೆಗೂ ಗೇಟಿನ ಪೂರ್ಣ ದರವನ್ನು ಸಂಸ್ಥೆಯಿಂದ ಕೇಳಬಹುದೇ? ಕೇಳಬಾರದು, ಅವನು ಕೊಟ್ಟದ್ದು 15. ನೇರವಾದ ದಾರಿಯೆಂದರೆ ಪಾಸಿನ ಬೆಲೆಯಲ್ಲಿ ಕೆಲಸದ ಪ್ರಯಾಣದ ಪಾಲನ್ನು ಕೇಳುವುದು, ಅಥವಾ ಪಾಸನ್ನೇ ಸಂಸ್ಥೆ ಕೊಡಿಸುವುದು. ಸಂಸ್ಥೆಗೂ ಇದರಲ್ಲಿ ಉಳಿತಾಯವಿರುವುದರಿಂದ ಯಾರೂ ಬೇಡವೆನ್ನಲಾರರು. ರಾಜ್ಯ ಹೆದ್ದಾರಿಗಳ ಟೋಲುಗಳಿಗೆ ಈ ಪಾಸು ನಡೆಯುವುದಿಲ್ಲ. ಅವನ್ನು ಬೇರೆಯಾಗಿಯೇ ಬರೆಯಬೇಕು.

ಪೆಟ್ರೋಲ್ ಬಂಕುಗಳಲ್ಲಿ ಬೇರೆಯವರು ಬಿಟ್ಟುಹೋದ ರಸೀದಿಗಳನ್ನು ಆಯ್ದು ತರುವ, ಮುದ್ರಿಸಿಕೊಡುವವರಿಂದ ಕೊಳ್ಳುವ ಅಭ್ಯಾಸವೂ ಇದೆ. ಅದರ ಬಗ್ಗೆ ಹೆಚ್ಚು ಬರೆಯಲು ನಮಗೆ ಮನಸ್ಸಿಲ್ಲ. ಅದಕ್ಕೆ ಕಳ್ಳತನವೆಂಬ ಹೆಸರೇ ಸಾಕು.

ನೌಕರರಿಗೆ ಇಷ್ಟು ಹೇಳಿದ ಮೇಲೆ ನೌಕರಿ ಕೊಡುವವರಿಗೂ ಎರಡು ಮಾತು ಹೇಳದಿದ್ದರೆ ಪಕ್ಷಪಾತವಾದೀತು. ಈ ಪತ್ರಿಕೆಯನ್ನು ಓದುವ ಎಷ್ಟೋ ಮಂದಿ ಶಿಕ್ಷಣ ಸಂಸ್ಥೆಗಳ, ಪತ್ತಿನ ಸಹಕಾರಿ ಸಂಘಗಳ ಆಡಳಿತ ಮಂಡಳಿಗಳಲ್ಲಿದ್ದಾರೆ. ಸಮಾಜದ ಸಂಸ್ಥೆ, ಎಲ್ಲರೂ ನಮ್ಮವರೇ ಎಂಬ ಸಲಿಗೆ ಅಲ್ಲಿ ಒಂದು ವಿಚಿತ್ರ ರೂಪ ತಾಳುತ್ತದೆ. ಕಾರಿದ್ದ ಅಧ್ಯಾಪಕನನ್ನು ಕರೆದು ಅತಿಥಿಗಳನ್ನು ರೈಲು ನಿಲ್ದಾಣದಿಂದ ಕರೆತರಲು, ವಿಶ್ವವಿದ್ಯಾಲಯಕ್ಕೆ ಕಡತ ಒಯ್ಯಲು, ಪ್ರವೇಶದ ಪ್ರಚಾರಕ್ಕೆ ಹಳ್ಳಿ ಹಳ್ಳಿ ತಿರುಗಲು ಹೇಳುತ್ತಾರೆ. ಅವನು ಬಿಲ್ಲು ಕೊಟ್ಟರೆ ಸಂಸ್ಥೆಯ ಮೇಲೆ ಅಭಿಮಾನವಿಲ್ಲದವನೆಂಬ ಮಾತು ಬರುತ್ತದೆ. ಕೊಡದಿದ್ದರೆ ಮುಂದಿನ ಸಲವೂ ಅವನನ್ನೇ ಕರೆಯುತ್ತಾರೆ. ಸೇವೆಯೆಂಬುದು ಮಾಡುವವನ ಮನಸ್ಸಿನಿಂದ ಹೊರಡಬೇಕು. ಸಂಬಳ ಕೊಡುವವರು ಆಜ್ಞೆಯಿಂದ ಪಡೆದದ್ದು ಸೇವೆಯಾಗದು, ಅದು ದುಡಿಮೆ. ಅದರ ವೆಚ್ಚವನ್ನು ತುಂಬಿಕೊಡಬೇಕು. ಅಧ್ಯಾಪಕನಿಗೆ ನಿಜವಾಗಿಯೂ ಕಾಣಿಕೆ ಕೊಡುವ ಮನಸ್ಸಿದ್ದರೆ ಬಿಲ್ಲಿನ ಹಣವನ್ನು ಪಡೆದು ಅನಂತರ ರಸೀದಿ ಹರಿಸಿ ಕೊಡಲಿ. ಆಗ ಸಂಸ್ಥೆಯ ಲೆಕ್ಕದಲ್ಲಿ ಎರಡೂ ಸ್ಪಷ್ಟವಾಗಿ ಕಾಣುತ್ತವೆ. ಆಡಳಿತ ಮಂಡಳಿಯ ಸಭೆಯಲ್ಲಿ ಒಂದು ದರವನ್ನು ಗೊತ್ತುಮಾಡಿ, ವರ್ಷಕ್ಕೊಮ್ಮೆ ಪರಿಶೀಲಿಸುವುದೆಂದು ನಡವಳಿಯಲ್ಲಿ ಬರೆದರೆ ಅರ್ಧ ಗಂಟೆಯ ಕೆಲಸ. ಹಣವನ್ನು ಅದೇ ತಿಂಗಳಲ್ಲಿ ಕೊಡುವುದೂ ಅಷ್ಟೇ ಮುಖ್ಯ. ಮೂರು ತಿಂಗಳು ತಡವಾಗಿ ಬರುವ ಭತ್ಯೆಯೆಂದರೆ ನೌಕರನು ಸಂಸ್ಥೆಗೆ ಬಡ್ಡಿಯಿಲ್ಲದೆ ಕೊಟ್ಟ ಸಾಲ.

ಕೊನೆಯದಾಗಿ ವಿಮೆ. ಹಣದ ಲೆಕ್ಕ ತಪ್ಪಿದರೆ ತಿದ್ದಿಕೊಳ್ಳಬಹುದು. ಇಲ್ಲಿ ತಪ್ಪಿದರೆ ಒಂದು ಮನೆಯೇ ನೆಲಕಚ್ಚುತ್ತದೆ. ನಮ್ಮ ದೇಶದ ಖಾಸಗಿ ಕಾರಿನ ವಿಮಾ ಪತ್ರದಲ್ಲಿ ಬಳಕೆಯ ಮಿತಿಗಳು ಎಂಬ ಭಾಗವಿರುತ್ತದೆ. ಬಾಡಿಗೆಗೆ ಅಥವಾ ಪ್ರತಿಫಲಕ್ಕೆ ಓಡಿಸುವುದು, ಮಾದರಿಗಳು ಹಾಗೂ ಸ್ವಂತ ಸಾಮಾನುಗಳ ಹೊರತು ಸರಕು ಸಾಗಿಸುವುದು, ಪಂದ್ಯಗಳಿಗೆ ಬಳಸುವುದು ಮೊದಲಾದವು ಅದರ ರಕ್ಷಣೆಯಿಂದ ಹೊರಗೆ. ಸಂಸ್ಥೆಯ ಕೆಲಸಕ್ಕೆ ತಾನೇ ಕಾರು ಓಡಿಸಿಕೊಂಡು ಹೋಗಿ ವೆಚ್ಚವನ್ನು ಪಡೆಯುವುದು ಬಾಡಿಗೆಯಲ್ಲ. ಆದರೆ ಬೀಜದ ಒಂದೆರಡು ಮಾದರಿ ಪೊಟ್ಟಣ ಒಯ್ಯುವುದು ಬೇರೆ, ಅಂಗಡಿಗೆ ಮುಟ್ಟಿಸಲು ಹಿಂದಿನ ಸೀಟು ಮಡಚಿ ಹತ್ತು ಚೀಲ ಹೇರುವುದು ಬೇರೆ. ಎರಡನೆಯದರಲ್ಲಿ ಅಪಘಾತವಾದರೆ ವಿಮಾ ಸಂಸ್ಥೆ ಪರಿಹಾರವನ್ನು ನಿರಾಕರಿಸಲು ಕಾರಣ ಸಿಕ್ಕಂತಾಗುತ್ತದೆ. ಮೇಲಧಿಕಾರಿ ಹೇರಲು ಹೇಳಿದರೆ ಲಿಖಿತವಾಗಿ ಕೇಳಬೇಕು. ಬಹಳ ಸಲ ಅಲ್ಲಿಗೇ ಮಾತು ನಿಲ್ಲುತ್ತದೆ.

ಇದಕ್ಕಿಂತಲೂ ಗಂಭೀರವಾದುದು ಕಾರು ಯಾರ ಹೆಸರಿನಲ್ಲಿದೆ ಎಂಬುದು. ನಮ್ಮ ಅವಿಭಕ್ತ ಕುಟುಂಬಗಳಲ್ಲಿ ಕಾರು ಸಾಮಾನ್ಯವಾಗಿ ತಂದೆಯ ಹೆಸರಿನಲ್ಲಿರುತ್ತದೆ, ಓಡಿಸುವವನು ಮಗ. 2018ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವು ಮಾಲೀಕ ಚಾಲಕನ ಕಡ್ಡಾಯ ವೈಯಕ್ತಿಕ ಅಪಘಾತ ವಿಮೆಯನ್ನು 15 ಲಕ್ಷ ರೂಪಾಯಿಗೆ ಏರಿಸಿತು. ಆ ಹದಿನೈದು ಲಕ್ಷ ಯಾರಿಗೆ? ನೋಂದಣಿಯಲ್ಲಿಯೂ ವಿಮಾ ಪತ್ರದಲ್ಲಿಯೂ ಹೆಸರಿದ್ದು, ಚಾಲನಾ ಪರವಾನಿಗೆ ಹೊಂದಿದ ಮಾಲೀಕನಿಗೆ. ತಂದೆಯ ಕಾರನ್ನು ಓಡಿಸುತ್ತ ಮಗ ಅಪಘಾತಕ್ಕೀಡಾದರೆ ಆ ವಿಮೆ ಅವನಿಗೆ ಅನ್ವಯಿಸುವುದಿಲ್ಲ. 2009ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದ ಕರ್ನಾಟಕದ ಪ್ರಕರಣವೊಂದರಲ್ಲಿ, ಬೇರೊಬ್ಬರ ಮೋಟಾರು ಸೈಕಲ್ಲನ್ನು ಎರವಲು ಪಡೆದು ಹೋಗುತ್ತಿದ್ದವನು ಎತ್ತಿನ ಗಾಡಿಗೆ ಡಿಕ್ಕಿಯಾಗಿ ತೀರಿಹೋಗಿದ್ದ. ಎರವಲು ಪಡೆದವನು ಮಾಲೀಕನ ಸ್ಥಾನದಲ್ಲಿಯೇ ನಿಲ್ಲುತ್ತಾನೆ. ಆದ್ದರಿಂದ ಯಾರ ತಪ್ಪೆಂದು ನೋಡದೆ ಕೊಡುವ ಪರಿಹಾರವನ್ನು ಆ ವಾಹನದ ವಿಮೆಯಿಂದ ಅವನ ವಾರಸುದಾರರು ಮೋಟಾರು ವಾಹನ ಕಾಯಿದೆಯ 163ಎ ಕಲಮಿನಂತೆ ಕೇಳಲಾಗದು ಎಂದು ನ್ಯಾಯಾಲಯ ಹೇಳಿತು. ದಿನವೂ ನೂರು ಕಿಲೋಮೀಟರು ಹೆದ್ದಾರಿಯಲ್ಲಿರುವ ಮಗನ ವಿಷಯದಲ್ಲಿ ಇದು ಸಣ್ಣ ಮಾತಲ್ಲ. ಪ್ರಯಾಣ ಭತ್ಯೆ ಕೊಡುವಾಗಲೂ ನೌಕರನ ಹೆಸರಿನ ಕಾರನ್ನೇ ಒಪ್ಪುವ ಕಚೇರಿಗಳಿವೆ. ತೆರಿಗೆಯ ಆ ನಿಯಮವೂ ನೌಕರನ ಒಡೆತನದ ಕಾರನ್ನೇ ಹೇಳುತ್ತಿತ್ತು.

ಆದುದರಿಂದ ಯಾರು ಓಡಿಸುತ್ತಾರೋ ಅವರ ಹೆಸರಿಗೆ ಕಾರನ್ನು ವರ್ಗಾಯಿಸಿಕೊಳ್ಳುವುದು ಉತ್ತಮ. 29 ಮತ್ತು 30ನೆಯ ನಮೂನೆಗಳನ್ನು ತುಂಬಿ ಸಾರಿಗೆ ಕಚೇರಿಗೆ ಸಲ್ಲಿಸಬೇಕು. ಸಾಲವಿದ್ದರೆ ಬ್ಯಾಂಕಿನ ಒಪ್ಪಿಗೆ ಪತ್ರ ಬೇಕು. ವರ್ಗಾವಣೆಯಾದ ಹದಿನಾಲ್ಕು ದಿನಗಳೊಳಗೆ ವಿಮಾ ಸಂಸ್ಥೆಗೆ ಅರ್ಜಿ ಕೊಟ್ಟು ಪತ್ರದಲ್ಲಿ ಹೆಸರು ಬದಲಾಯಿಸಿಕೊಳ್ಳಬೇಕು. ವರ್ಗಾವಣೆ ಸಾಧ್ಯವಿಲ್ಲದ ಮನೆಗಳಲ್ಲಿ ಮಗನ ಹೆಸರಿನಲ್ಲಿ ಬೇರೆಯೇ ಒಂದು ವೈಯಕ್ತಿಕ ಅಪಘಾತ ವಿಮೆಯನ್ನು ಮಾಡಿಸಬೇಕು. ಅದರ ಕಂತನ್ನು ಸಂಸ್ಥೆಯೇ ಕಟ್ಟುವಂತೆ ಕೇಳಿಕೊಳ್ಳುವುದರಲ್ಲಿ ಸಂಕೋಚ ಬೇಡ. ಹುಬ್ಬಳ್ಳಿಯ ಪತ್ರದಲ್ಲಿ ಕಾರು ಯಾರ ಹೆಸರಿನಲ್ಲಿದೆಯೆಂದು ಬರೆದಿಲ್ಲ; ಅದನ್ನು ಮೊದಲು ನೋಡಿಕೊಳ್ಳಬೇಕೆಂದು ಆ ತಾಯಿಗೆ ಬೇರೆಯಾಗಿ ಕಾಗದ ಬರೆದಿದ್ದೇವೆ.